ಕಥೆ ಹೇಳುವ ದನಿ

ಕಥೆಯೊಂದನ್ನು ಓದುತ್ತಿರುವಾಗ 'ಮುಂದೇನಾಯಿತು?' ಎಂದು ಕೇಳುವುದು ನಮಗೆಲ್ಲ ರೂಢಿ. 'ಇದನ್ನು ಹೇಳುತ್ತಿರುವವರು ಯಾರು?' ಎಂದು ಕೇಳುವವರು ವಿರಳ. ಅಮೆರಿಕದ ದಕ್ಷಿಣ ಭಾಗದಲ್ಲಿ ಹುಟ್ಟಿದ ಕಾದಂಬರಿಗಳನ್ನು ಓದುವಾಗ ಈ ಎರಡನೆಯ ಪ್ರಶ್ನೆಯನ್ನು ಕೇಳದೆ ಗತ್ಯಂತರವಿಲ್ಲ. ಅಲ್ಲಿ ಕಥೆಗಿಂತ ಮೊದಲು ಹೇಳುವವರ ದನಿಯೇ ನಮ್ಮನ್ನು ಸೆರೆಹಿಡಿಯುತ್ತದೆ.

ದಕ್ಷಿಣವೆಂದರೆ ಮಿಸಿಸಿಪಿ, ಅಲಬಾಮಾ, ಜಾರ್ಜಿಯಾ ಮೊದಲಾದ ಸಂಸ್ಥಾನಗಳು. ಹತ್ತಿಯ ವಿಶಾಲ ತೋಟಗಳ ನಾಡು. ಆಫ್ರಿಕದಿಂದ ಹಿಡಿದು ತಂದವರೂ ಅವರ ಸಂತತಿಯವರೂ ಅಲ್ಲಿ ಗುಲಾಮರಾಗಿ ದುಡಿದರು. 1861ರಿಂದ 1865ರವರೆಗೆ ನಡೆದ ಅಂತರ್ಯುದ್ಧದಲ್ಲಿ ದಕ್ಷಿಣದವರು ಸೋತರು. 1865ರಲ್ಲಿಯೇ ಗುಲಾಮಗಿರಿ ರದ್ದಾಯಿತು. ಆದರೆ ವರ್ಣಭೇದ ಅಳಿಯಲಿಲ್ಲ. ಇಂಥ ನಾಡಿನಲ್ಲಿ ಬಾಯಿಬಿಟ್ಟು ಹೇಳಲಾಗದ ಸಂಗತಿಗಳು ಬಹಳವಿರುತ್ತವೆ. ಸಂಜೆ ಮನೆಯ ಮುಂದೆ ಕುಳಿತು ಹೇಳುವ ಕಥೆಗಳೂ ಬಹಳವಿರುತ್ತವೆ. ಈ ಎರಡೂ ಕೂಡಿದ ಕಡೆ ಆ ಸಾಹಿತ್ಯ ಬೆಳೆಯಿತು.

ಮೊದಲು ಮಾರ್ಕ್ ಟ್ವೇನನ ಹಕಲ್‌ಬೆರಿ ಫಿನ್ ಎಂಬ ಹುಡುಗನನ್ನು ನೋಡೋಣ. ಅವನ ಸಾಹಸಗಳ ಪುಸ್ತಕ 1884ರ ಕೊನೆಯಲ್ಲಿ ಇಂಗ್ಲೆಂಡಿನಲ್ಲಿ, 1885ರಲ್ಲಿ ಅಮೆರಿಕದಲ್ಲಿ ಪ್ರಕಟವಾಯಿತು. ಕಥೆ ನಡೆಯುವುದು ಗುಲಾಮಗಿರಿ ಇನ್ನೂ ಇದ್ದ ಕಾಲದಲ್ಲಿ, ಮಿಸೂರಿಯಿಂದ ಕೆಳಕ್ಕೆ ಹರಿಯುವ ಮಿಸಿಸಿಪಿ ನದಿಯ ಮೇಲೆ. ಹಕ್ ಕುಡುಕ ತಂದೆಯ ಮಗ. ಅವನ ಸಂಗಡ ತೆಪ್ಪದಲ್ಲಿರುವವನು ಜಿಮ್. ಒಡತಿಯ ಮನೆಯಿಂದ ತಪ್ಪಿಸಿಕೊಂಡ ಗುಲಾಮ. ಗುಲಾಮನಿಗೆ ಓಡಿಹೋಗಲು ನೆರವಾಗುವುದು ಕಳ್ಳತನ, ಕಳ್ಳತನ ಮಾಡಿದವನಿಗೆ ನರಕ ಎಂದು ಹಿರಿಯರೆಲ್ಲ ಹುಡುಗನಿಗೆ ಕಲಿಸಿದ್ದಾರೆ. ಅವನು ಅದನ್ನು ನಂಬಿಯೂ ಇದ್ದಾನೆ. ಒಂದು ದಿನ ಭಯಪಟ್ಟು, ಜಿಮ್ ಇರುವ ಸ್ಥಳವನ್ನು ತಿಳಿಸಿ ಒಡತಿಗೆ ಪತ್ರ ಬರೆಯುತ್ತಾನೆ. ಬರೆದೊಡನೆ ಪಾಪವೆಲ್ಲ ತೊಳೆದುಹೋದಂತೆ ಅವನ ಮನಸ್ಸು ಹಗುರವಾಗುತ್ತದೆ. ಆದರೆ ಪತ್ರವನ್ನು ಕಳುಹಿಸುವ ಮೊದಲು ನದಿಯ ಮೇಲಿನ ದಿನಗಳು ನೆನಪಿಗೆ ಬರುತ್ತವೆ. ಹುಡುಗನ ನಿದ್ದೆ ಕೆಡಬಾರದೆಂದು ಜಿಮ್ ತನ್ನ ಸರದಿಯ ಕಾವಲು ಮುಗಿದ ಮೇಲೂ ಅವನನ್ನು ಎಬ್ಬಿಸದೆ ತಾನೇ ಕಾದಿದ್ದ ರಾತ್ರಿಗಳು ಕಣ್ಣಿಗೆ ಕಟ್ಟುತ್ತವೆ. ನರಕಕ್ಕೆ ಹೋಗುವುದಾದರೆ ಹೋಗುತ್ತೇನೆಂದು ನಿಶ್ಚಯಿಸಿ ಹಕ್ ಆ ಪತ್ರವನ್ನು ಹರಿದುಹಾಕುತ್ತಾನೆ.

ಇಲ್ಲಿ ನಾವು ಗಮನಿಸಬೇಕಾದ ಅಂಶವೊಂದಿದೆ. ತಾನು ಒಳ್ಳೆಯ ಕೆಲಸ ಮಾಡಿದೆನೆಂದು ಹಕ್ ಎಲ್ಲಿಯೂ ಹೇಳುವುದಿಲ್ಲ. ತಾನು ಕೆಟ್ಟವನೆಂದೇ ಅವನ ಖಚಿತವಾದ ಅಭಿಪ್ರಾಯ. ಓದುವ ನಮಗೆ ಮಾತ್ರ ನಿಜ ಗೊತ್ತು. ಟ್ವೇನನು ತಾನೇ ನಡುವೆ ಬಂದು 'ನೋಡಿರಿ, ಈ ಹುಡುಗನ ಹೃದಯ ಎಷ್ಟು ದೊಡ್ಡದು!' ಎಂದಿದ್ದರೆ ನಾವು ತಲೆದೂಗಿ ಮುಂದಿನ ಪುಟಕ್ಕೆ ಹೋಗುತ್ತಿದ್ದೆವು. ಹುಡುಗನೇ ಹೇಳುವುದರಿಂದ ತೀರ್ಪು ಕೊಡುವ ಭಾರ ನಮ್ಮ ಮೇಲೆ ಬೀಳುತ್ತದೆ. ಹೇಳುವವನಿಗೆ ತಿಳಿಯದೆ ಕೇಳುವವನಿಗೆ ತಿಳಿಯುವ ಈ ಅಂತರದಲ್ಲಿಯೇ ಇಂಥ ಕಥೆಗಳ ಸೊಗಸೆಲ್ಲ ಅಡಗಿದೆಯೆಂದು ನಮ್ಮ ನಂಬಿಕೆ.

ಹಕ್ ಆಡುವುದು ವ್ಯಾಕರಣಶುದ್ಧವಾದ ಇಂಗ್ಲಿಷಲ್ಲ. 1885ರಲ್ಲಿ ಕಾಂಕರ್ಡ್ ಎಂಬ ಊರಿನ ಸಾರ್ವಜನಿಕ ಗ್ರಂಥಾಲಯವು ಈ ಪುಸ್ತಕ ಒರಟೆಂದು ಹೊರಗಿಟ್ಟಿತು. ಆ ಗ್ರಂಥಾಲಯದವರನ್ನು ನೋಡಿ ನಾವು ನಗುವುದು ಸುಲಭ. ನಮ್ಮ ತರಗತಿಯಲ್ಲಿಯೇ ಒಬ್ಬನು ಧಾರವಾಡದ ಕಡೆಯ ಮಾತನ್ನೋ ಇನ್ನೊಬ್ಬಳು ಮಂಗಳೂರ ಕಡೆಯ ಮಾತನ್ನೋ ಆಡಿದಾಗ ಮಿಕ್ಕವರು ನಕ್ಕದ್ದುಂಟಷ್ಟೆ! ಹಕ್‌ನನ್ನು ಕನ್ನಡಕ್ಕೆ ತರುವವನು ಅವನಿಗೆ ಯಾವ ಸೀಮೆಯ ಕನ್ನಡವನ್ನು ಕೊಡಬೇಕು? ಪಠ್ಯಪುಸ್ತಕದ ಕನ್ನಡವನ್ನು ಕೊಟ್ಟರೆ ಹುಡುಗ ಅಲ್ಲಿಯೇ ಸತ್ತುಹೋಗುತ್ತಾನೆ. ಈ ಲೇಖನದ ಭಾಷೆಯಲ್ಲಿ ಅವನ ಕಥೆಯನ್ನು ಹೇಳಿದರೂ ಅದೇ ಗತಿ ಎಂಬುದನ್ನು ನಾವು ಒಪ್ಪಿಕೊಳ್ಳಬೇಕು.

1960ರಲ್ಲಿ ಹೊರಬಂದ ಹಾರ್ಪರ್ ಲೀಯವರ 'ಟು ಕಿಲ್ ಎ ಮಾಕಿಂಗ್‌ಬರ್ಡ್' ಕಾದಂಬರಿಯ ಸ್ಕೌಟ್ ಎಂಬ ಹುಡುಗಿಯ ದನಿಯೂ ಇಂಥದೇ. ತಪ್ಪು ಮಾಡದ ಕಪ್ಪು ಮನುಷ್ಯನೊಬ್ಬನ ಪರವಾಗಿ ವಕೀಲನಾದ ಅವಳ ತಂದೆ ರಾತ್ರಿ ಸೆರೆಮನೆಯ ಬಾಗಿಲಲ್ಲಿ ಕಾವಲು ಕುಳಿತಿದ್ದಾನೆ. ಸೆರೆಯಾಳನ್ನು ಕೊಲ್ಲಲು ಗುಂಪು ಬರುತ್ತದೆ. ಸ್ಕೌಟ್ ನುಗ್ಗಿ ಬಂದು, ಆ ಗುಂಪಿನಲ್ಲಿ ತನ್ನ ಸಹಪಾಠಿಯ ತಂದೆಯನ್ನು ಗುರುತಿಸಿ, ಅವನ ಮಗನ ಕ್ಷೇಮಸಮಾಚಾರವನ್ನು ಮಾತಾಡತೊಡಗುತ್ತಾಳೆ. ಆತನು ನಾಚಿ ಎಲ್ಲರನ್ನೂ ಕರೆದುಕೊಂಡು ಹಿಂದಿರುಗುತ್ತಾನೆ. ತಾನು ಏನು ಮಾಡಿದೆನೆಂಬುದು ಆ ಕ್ಷಣದಲ್ಲಿ ಹುಡುಗಿಗೆ ತಿಳಿಯದು.

ಇತರರನ್ನು ಇಲ್ಲಿ ಹೆಸರಿಸಿ ಬಿಡುತ್ತೇವೆ. ವಿಲಿಯಂ ಫಾಕ್ನರ್ 1930ರ ಕಾದಂಬರಿಯೊಂದರಲ್ಲಿ, ತಾಯಿಯ ಶವವನ್ನು ದೂರದ ಊರಿಗೆ ಒಯ್ಯುವ ಬಡ ಸಂಸಾರದ ಕಥೆಯನ್ನು ಹದಿನೈದು ಜನರ ಬಾಯಿಂದ ಹೇಳಿಸಿದ್ದಾನೆ. ಸತ್ತ ತಾಯಿಗೂ ಒಂದು ಸರದಿ ಉಂಟು. ಎಳೆಯರಿಗೆ ಅದು ಕಠಿಣ. ಕೆಲವು ವರ್ಷ ಕಾಯಬಹುದು. ಯುಡೋರಾ ವೆಲ್ಟಿಯವರ 'ವೈ ಐ ಲಿವ್ ಅಟ್ ದ ಪಿ.ಒ.' ಎಂಬ ಸಣ್ಣಕಥೆಗೆ ಕಾಯಬೇಕಾಗಿಲ್ಲ. ಮನೆಯವರೊಡನೆ ಜಗಳವಾಡಿ ಅಂಚೆಕಚೇರಿಗೆ ವಾಸ ಬದಲಿಸಿದ ಹೆಂಗಸು ತಪ್ಪೆಲ್ಲ ಅವರದೇ ಎಂದು ವಾದಿಸುವುದನ್ನು ಓದಿ ನಗದವರಿಲ್ಲ. ನಗುತ್ತ ನಗುತ್ತ ಅವಳ ಮಾತಿನಲ್ಲಿಯೇ ನಮಗೆ ಸಂಶಯ ಹುಟ್ಟುತ್ತದೆ.

ಹಕ್‌ನ ಕಥೆಯಲ್ಲಿ ನಮಗೆ ಕೇಳಿಸಿದ್ದು ಹಕ್‌ನ ದನಿ. ಜಿಮ್ ಆಡಿದ ಮಾತು ಸಹ ಅವನ ಮೂಲಕವೇ ಬಂದದ್ದು. 2024ರಲ್ಲಿ ಪರ್ಸಿವಲ್ ಎವರೆಟ್ ಎಂಬ ಲೇಖಕರು ಅದೇ ಕಥೆಯನ್ನು ಜಿಮ್‌ನ ಬಾಯಿಂದ ಹೇಳಿಸಿ 'ಜೇಮ್ಸ್' ಎಂಬ ಕಾದಂಬರಿಯನ್ನು ಬರೆದರು. 2025ರಲ್ಲಿ ಅದಕ್ಕೆ ಪುಲಿಟ್ಜರ್ ಬಹುಮಾನ ಬಂದಿತು. ಅದರಲ್ಲಿ ಗುಲಾಮರು ತಮ್ಮತಮ್ಮಲ್ಲಿ ಶುದ್ಧವಾದ ಇಂಗ್ಲಿಷನ್ನು ಆಡುತ್ತಾರೆ. ಬಿಳಿಯರು ಎದುರಾದಾಗ ಮಾತ್ರ ಒಡಕು ಭಾಷೆಯನ್ನು ನಟಿಸುತ್ತಾರೆ. ಮಕ್ಕಳಿಗೆ ಆ ಒಡಕು ಭಾಷೆಯನ್ನು ಪಾಠ ಹೇಳಿಕೊಡುತ್ತಾರೆ, ಏಕೆಂದರೆ ಪ್ರಾಣ ಉಳಿಯುವುದು ಅದರಿಂದ. ಜೇಮ್ಸ್‌ಗೆ ತನ್ನ ಕಥೆಯನ್ನು ತಾನೇ ಬರೆಯುವ ಆಸೆ. ಬರೆಯಲು ಅವನ ಬಳಿ ಇರುವುದು ಒಂದು ಪೆನ್ಸಿಲಿನ ತುಂಡು. ಅದನ್ನು ಕದ್ದು ತಂದುಕೊಟ್ಟ ಇನ್ನೊಬ್ಬ ಗುಲಾಮನು ಆ ಕಳವಿಗಾಗಿ ಪ್ರಾಣವನ್ನೇ ತೆತ್ತಿದ್ದಾನೆ.