ದುಗ್ಗಮ್ಮನ ಜಾತ್ರೆಯ ನೆಂಟರು, ಪ್ರಶ್ನೆಪತ್ರಿಕೆಯ ನೆಂಟರು

ದಾವಣಗೆರೆಯಲ್ಲಿ ಎರಡು ವರ್ಷಕ್ಕೊಮ್ಮೆ ದುಗ್ಗಮ್ಮನ ಜಾತ್ರೆ ಬಂತೆಂದರೆ ಮನೆ ತುಂಬ ನೆಂಟರು. ಬಂದವರಲ್ಲಿ ಯಾರು ಯಾರಿಗೆ ಏನಾಗಬೇಕು ಅನ್ನುವುದನ್ನು ಹತ್ತು ವರ್ಷದ ಹುಡುಗಿಯೂ ತಡವರಿಸದೆ ಹೇಳುತ್ತಾಳೆ. ಮುಂದೆ ಅದೇ ಹುಡುಗಿ ರೈಲ್ವೆ ಪರೀಕ್ಷೆಗೆ ಕೂತಾಗ, ‘ಎ ಎಂಬುವನು ಬಿಯ ತಂದೆಯ ಸಹೋದರಿಯ ಮಗ’ ಎಂಬ ಸಾಲು ಕಂಡು ಬೆವರುತ್ತಾಳೆ. ಮನೆಯ ನೆಂಟಸ್ತನದ ಲೆಕ್ಕವನ್ನೇ ಪರೀಕ್ಷೆಯ ಕೋಣೆಗೂ ಹೊತ್ತೊಯ್ಯುವುದು ಇದಕ್ಕೆ ಮುಖ್ಯ ಕಾರಣ ಎಂದು ನನ್ನ ಅನಿಸಿಕೆ.

ರಕ್ತಸಂಬಂಧದ ಪ್ರಶ್ನೆಗಳು ಎಂಟನೇ ತರಗತಿಯ ಎನ್‌ಎಂಎಂಎಸ್ ವಿದ್ಯಾರ್ಥಿವೇತನ ಪರೀಕ್ಷೆಯಿಂದ ಹಿಡಿದು ಪೊಲೀಸ್ ಕಾನ್‌ಸ್ಟೆಬಲ್, ಬ್ಯಾಂಕ್, ಕೆಎಎಸ್ ಪೂರ್ವಭಾವಿಯವರೆಗೆ ಎಲ್ಲ ಕಡೆ ಎದುರಾಗುತ್ತವೆ. ಕೇಂದ್ರ ಸಶಸ್ತ್ರ ಪಡೆಗಳ ಕಾನ್‌ಸ್ಟೆಬಲ್ ಪರೀಕ್ಷೆಯನ್ನು 2024ರಿಂದ ಕನ್ನಡದಲ್ಲೂ ಬರೆಯಬಹುದಾದ್ದರಿಂದ, ಹರಿಹರ, ಮಲೇಬೆನ್ನೂರು ಕಡೆಯ ಹುಡುಗರಿಗೂ ಇವು ಈಗ ಕನ್ನಡದಲ್ಲೇ ಸಿಗುತ್ತವೆ.

ಮೊದಲು ಪೆನ್ನು

ಮನಸ್ಸಿನಲ್ಲೇ ಬಿಡಿಸುವ ಹಟ ಬೇಡ. ಗಂಡಸಿಗೆ ‘+’, ಹೆಂಗಸಿಗೆ ‘–’ ಗುರುತು. ಗಂಡ ಹೆಂಡಿರ ನಡುವೆ ಜೋಡಿಗೆರೆ, ಒಡಹುಟ್ಟಿದವರ ನಡುವೆ ಒಂಟಿಗೆರೆ. ಮಕ್ಕಳನ್ನು ಕೆಳಗಿನ ಸಾಲಿಗೆ ಇಳಿಸಿ. ಅಜ್ಜ ಅಜ್ಜಿಯರ ಸಾಲು ಮೇಲೆ, ಅಪ್ಪ ಅಮ್ಮಂದಿರದು ನಡುವೆ, ಮಕ್ಕಳದು ಕೆಳಗೆ. ಸಾಲು ತಪ್ಪದಿದ್ದರೆ ಅರ್ಧ ಕೆಲಸ ಮುಗಿದಂತೆ.

ಜಮೀನಿನ ಪೌತಿ ಖಾತೆಗೆಂದು ಮಾಡಿಸಿದ ವಂಶವೃಕ್ಷದ ಪ್ರತಿ ಮನೆಯಲ್ಲಿದ್ದರೆ ತೆಗೆದು ನೋಡಿ. ತೀರಿಕೊಂಡ ಹಿರಿಯರು ಮೇಲೆ, ಅವರ ಕೆಳಗೆ ಮಕ್ಕಳು, ಅವರ ಕೆಳಗೆ ಮೊಮ್ಮಕ್ಕಳು. ಪರೀಕ್ಷೆಯಲ್ಲಿ ಬರೆಯಬೇಕಾದ ಚಿತ್ರವೂ ಅದೇ. ಗ್ರಾಮ ಆಡಳಿತ ಅಧಿಕಾರಿ ಆಗಬೇಕೆಂದು ಓದುತ್ತಿರುವವರಿಗಂತೂ ಇದು ನಾಳೆಯ ಕಚೇರಿ ಕೆಲಸದ ತಾಲೀಮು.

ಹೆಸರು ನೋಡಿ ಗಂಡು ಹೆಣ್ಣು ಊಹಿಸಬೇಡಿ. ಶಶಿ, ಕಿರಣ್ ಯಾರು ಬೇಕಾದರೂ ಆಗಿರಬಹುದು. ಪ್ರಶ್ನೆ ಹೇಳದಿದ್ದರೆ ಹೆಸರಿನ ಮುಂದೆ ‘?’ ಹಾಕಿ ಮುಂದೆ ಹೋಗಿ. ‘ಹೇಳಲಾಗದು’ ಎಂಬ ಆಯ್ಕೆ ಕೊಟ್ಟಿದ್ದರೆ ಆ ಪ್ರಶ್ನಾರ್ಥಕ ಚಿಹ್ನೆಯೇ ಬಹಳ ಸಲ ಉತ್ತರ.

ಅತ್ತೆ ಎಂದರೆ ಯಾವ ಅತ್ತೆ?

ಫೋಟೊ ತೋರಿಸಿ ಹೇಳುವ ಪ್ರಶ್ನೆಗಳನ್ನು ಕೊನೆಯಿಂದ, ಅಂದರೆ ‘ನನ್ನ’ ಎಂಬ ಮಾತಿನಿಂದ ಹಿಂದಕ್ಕೆ ಓದಬೇಕು. ಒಂದು ಉದಾಹರಣೆ: ಹುಡುಗನೊಬ್ಬನ ಫೋಟೊ ತೋರಿಸಿ ರೇಣುಕಾ ಹೇಳುತ್ತಾಳೆ, ‘ಇವನ ತಾಯಿಯ ಅತ್ತೆಗೆ ಒಬ್ಬನೇ ಮಗ. ಆ ಮಗ ನನ್ನ ತಂದೆ.’ ಹುಡುಗ ಅವಳಿಗೆ ಏನಾಗಬೇಕು?

ಕೊನೆಯಿಂದ ಹೊರಟರೆ, ರೇಣುಕಾಳ ತಂದೆ ಆ ಅತ್ತೆಯ ಒಬ್ಬನೇ ಮಗ. ಅತ್ತೆ ಎಂದರೆ ಗಂಡನ ತಾಯಿ ಎಂದಿಟ್ಟುಕೊಂಡರೆ ಅವನೇ ಹುಡುಗನ ತಂದೆಯೂ ಹೌದು. ಹುಡುಗ ಸಹೋದರ. ಆದರೆ ಅಪ್ಪನ ಅಕ್ಕತಂಗಿಯರೂ ನಮಗೆ ಅತ್ತೆಯರೇ. ಆ ಅರ್ಥ ಹಿಡಿದರೆ ರೇಣುಕಾಳ ತಂದೆ ಹುಡುಗನ ತಾಯಿಗೆ ಅತ್ತೆಯ ಮಗನಾಗುತ್ತಾನೆ, ಉತ್ತರ ಬೇರೆ ಕಡೆ ಹೋಗುತ್ತದೆ. ಮಾವ, ಸೊಸೆ, ಅಳಿಯ ಎಂಬ ಮಾತುಗಳಿಗೂ ಇದೇ ಗತಿ.

ಆದ್ದರಿಂದ ಇಂಥ ಮಾತು ಸಿಕ್ಕ ಕೂಡಲೇ ಅದನ್ನು ಒಡೆದು ಬರೆಯಿರಿ: ಗಂಡನ ತಾಯಿಯೋ, ತಂದೆಯ ಸಹೋದರಿಯೋ, ಸೋದರಮಾವನ ಹೆಂಡತಿಯೋ? ಕನ್ನಡದ ಸಾಲು ಸ್ಪಷ್ಟವಾಗಿರದಿದ್ದರೆ ಪಕ್ಕದ ಇಂಗ್ಲಿಷ್ ಸಾಲನ್ನು ನೋಡಿ. ಇದರಲ್ಲಿ ಅಭಿಮಾನದ ಪ್ರಶ್ನೆ ತರಬೇಡಿ. 2024ರ ಆಗಸ್ಟ್ 27ರ ಕೆಎಎಸ್ ಪೂರ್ವಭಾವಿಯಲ್ಲಿ ಕನ್ನಡ ಅನುವಾದದ ತಪ್ಪುಗಳು ದೊಡ್ಡ ವಿವಾದವಾಗಿ, ಡಿಸೆಂಬರ್ 29ರಂದು ಮರುಪರೀಕ್ಷೆ ನಡೆಸಬೇಕಾಯಿತು. ಇಂಗ್ಲಿಷ್‌ನ ‘ಅಂಕಲ್’ಗೆ ಮಾತ್ರ ಎಚ್ಚರ. ಅದು ದೊಡ್ಡಪ್ಪ, ಕಾಕಾ, ಸೋದರಮಾವ ಎಲ್ಲರನ್ನೂ ಒಂದೇ ಚೀಲಕ್ಕೆ ತುಂಬುತ್ತದೆ.

ಇನ್ನೊಂದು ಗುಂಡಿ ಇದೆ. ಚಿಕ್ಕಪ್ಪನ ಮಗ ನಮಗೆ ಅಣ್ಣನೋ ತಮ್ಮನೋ, ಸೋದರಮಾವನ ಮಗನಾದರೆ ಭಾವನೋ ಮೈದುನನೋ. ಪರೀಕ್ಷೆಗೆ ಈ ಸೂಕ್ಷ್ಮವೆಲ್ಲ ಬೇಡ. ಅಲ್ಲಿ ಒಂದೇ ತಂದೆತಾಯಿಯ ಮಕ್ಕಳಷ್ಟೇ ಸಹೋದರರು, ಉಳಿದವರೆಲ್ಲ ‘ಕಸಿನ್’. ಅಣ್ಣನ ಮಗನನ್ನು ನೀವು ‘ಮಗ’ ಎಂದೇ ಕರೆಯುತ್ತಿದ್ದರೂ ಉತ್ತರ ಪತ್ರಿಕೆಯಲ್ಲಿ ಅವನು ಸಹೋದರನ ಮಗ.

ಮೆನರಿಕೆಯನ್ನು ಹೊರಗಿಡಿ

ಈಗ ಒಂದು ಉದ್ದನೆಯ ಲೆಕ್ಕ. ಹರಿಹರದ ಒಂದು ಮನೆಯಲ್ಲಿ ಆರು ಜನ, ಮೂರು ತಲೆಮಾರು, ಎರಡು ದಂಪತಿ. ಸಿ ಎಂಬುವಳು ಎಫ್‌ಗೆ ಅಜ್ಜಿ. ಬಿ ಎಂಬುವಳು ಸಿಯ ಮಗನ ಹೆಂಡತಿ. ಎ ಎಂಬುವನು ಇಯ ಮಗ. ಡಿ ಎಂಬುವಳು ಎಯ ತಂಗಿ. ಬಿಗೆ ಡಿ ಏನಾಗಬೇಕು?

ಖಚಿತವಾದದ್ದನ್ನು ಮೊದಲು ಬರೆಯಿರಿ: ಸಿ ಮೇಲಿನ ಸಾಲು, ಎಫ್ ಕೆಳಗಿನ ಸಾಲು, ಬಿ ನಡುವೆ. ಬಿಯ ಗಂಡನ ಜಾಗಕ್ಕೆ ಎ ಅಥವಾ ಇ ಬರಬಹುದು. ಎ ಬಂದರೆ ಅವನು ಸಿಯ ಮಗ, ಹಾಗಾಗಿ ಇ ಎಂಬುವನು ಸಿಯ ಗಂಡ. ಸಿ–ಇ, ಎ–ಬಿ ಎರಡು ಜೋಡಿ ಸಿಕ್ಕವು. ಡಿ ಗಂಡನ ತಂಗಿ, ಅಂದರೆ ಬಿಗೆ ನಾದಿನಿ. ಉತ್ತರ ಇದೇ.

ಆದರೆ ಇಯನ್ನೇ ಬಿಯ ಗಂಡನನ್ನಾಗಿಸಿ ನೋಡಿ. ಆಗ ಇ ಸಿಯ ಮಗ. ಎ, ಡಿ ಅವನ ಮಕ್ಕಳು. ಎರಡನೇ ಜೋಡಿ ಯಾವುದು? ಎಫ್ ಸಿಯ ಮಗಳ ಮಗನಾಗಿದ್ದು, ಸೋದರಮಾವನ ಮಗಳಾದ ಡಿಯನ್ನು ಮದುವೆಯಾಗಿದ್ದರೆ ಎಲ್ಲ ಸುಳಿವುಗಳೂ ಸರಿಹೊಂದುತ್ತವೆ! ಆಗ ಡಿ ಬಿಗೆ ಮಗಳು. ನಮ್ಮ ಕಡೆ ಇಂಥ ಮದುವೆ ಏನೂ ಅಪರೂಪವಲ್ಲ. ಹರಿಹರದ ಅಜ್ಜಿಯೊಬ್ಬಳಿಗೆ ಈ ಪ್ರಶ್ನೆ ಕೇಳಿದರೆ ಎರಡನೇ ಉತ್ತರವನ್ನೇ ಮೊದಲು ಹೇಳಿದರೂ ಹೇಳಿಯಾಳು, ಅವಳ ತರ್ಕದಲ್ಲಿ ದೋಷವೇನಿಲ್ಲ. ಪ್ರಶ್ನೆ ತೆಗೆಯುವವರ ಲೋಕದಲ್ಲಿ ಮಾತ್ರ ಮೆನರಿಕೆ, ಅಂದರೆ ಸೋದರಮಾವನ ಮಕ್ಕಳೊಡನೆ ಮದುವೆ, ಇಲ್ಲ, ಅಕ್ಕನ ಮಗಳನ್ನು ತರುವುದೂ ಇಲ್ಲ. ಪತ್ರಿಕೆಯಲ್ಲಿ ಸ್ಪಷ್ಟವಾಗಿ ಹೇಳದ ಹೊರತು ಸೊಸೆ, ಅಳಿಯ ಹೊರಗಿನಿಂದಲೇ ಬಂದವರು ಎಂದಿಟ್ಟುಕೊಳ್ಳಿ.

ಚಿಹ್ನೆಗಳ ಲೆಕ್ಕಕ್ಕೆ ಹೆಚ್ಚು ಹೇಳಬೇಕಿಲ್ಲ. ‘+’ ಅಂದರೆ ತಂದೆ, ‘×’ ಅಂದರೆ ಸಹೋದರ ಎಂದು ಕೊಟ್ಟಿದ್ದರೆ, ‘ಕ × ಖ + ಗ’ ಎಂಬಲ್ಲಿ ಕ ಎಂಬುವನು ಗಗೆ ತಂದೆಯ ಸಹೋದರ. ಗ ಹುಡುಗನೋ ಹುಡುಗಿಯೋ ತಿಳಿಯದು. ಇಲ್ಲಿ ‘+’ ಚಿಹ್ನೆ ತಂದೆಯಾಗಿ ಬಂದಿರುವುದರಿಂದ, ನಿಮ್ಮ ಚಿತ್ರದಲ್ಲಿ ಗಂಡಸಿಗೆ ‘ಗಂ’ ಎಂದು ಬರೆದುಕೊಂಡರೆ ಗೊಂದಲ ಇರದು.

ಗಡಿಯಾರದ ಲೆಕ್ಕ

ರೈಲ್ವೆಯ ಎನ್‌ಟಿಪಿಸಿ ನೇಮಕಾತಿ ಪರೀಕ್ಷೆಯ ಮೊದಲ ಹಂತದಲ್ಲಿ 90 ನಿಮಿಷಕ್ಕೆ 100 ಪ್ರಶ್ನೆ, ಅಂದರೆ ಒಂದಕ್ಕೆ ಸಿಗುವುದು 54 ಸೆಕೆಂಡು. ತಪ್ಪಿದರೆ ಮೂರನೇ ಒಂದು ಅಂಕ ಕಡಿತ. ಫೋಟೊ ಪ್ರಶ್ನೆ ಅರ್ಧ ನಿಮಿಷದ್ದು, ಇವನ್ನು ಹರಿಹರ–ದಾವಣಗೆರೆ ಬಸ್ಸಿನಲ್ಲಿ ಗೆಳೆಯರ ಜೊತೆ ಬಾಯಲ್ಲೇ ಬಿಡಿಸಿ ರೂಢಿ ಮಾಡಿಕೊಳ್ಳಬಹುದು. ಆರು ಜನರ ಕುಟುಂಬಕ್ಕೆ ಎರಡು ನಿಮಿಷ ಬೇಕು, ಆದರೆ ಅದೇ ಚಿತ್ರದ ಮೇಲೆ ಮೂರು ನಾಲ್ಕು ಪ್ರಶ್ನೆಗಳಿದ್ದರೆ ನಷ್ಟವಿಲ್ಲ. ಒಂದೇ ಪ್ರಶ್ನೆಗಾಗಿ ಅಷ್ಟು ದೊಡ್ಡ ಸಂಸಾರ ಕೊಟ್ಟಿದ್ದರೆ ಗುರುತು ಹಾಕಿ ಬಿಟ್ಟು, ಕೊನೆಗೆ ಸಮಯ ಉಳಿದರೆ ಮರಳಿ ಬನ್ನಿ.