ನೊಣ ಹಿಡಿಯುವ ಗಿಡಕ್ಕೆ ಚಾಮರಾಜಪುರಂ ಬಡಾವಣೆಯ ಬಿಸಿಲು

ಕಿಟಕಿಯೊಳಗೆ ಬೆಳೆದ ವೀನಸ್ ಫ್ಲೈಟ್ರಾಪನ್ನು ಏಪ್ರಿಲ್ ತಿಂಗಳಲ್ಲಿ ಒಮ್ಮೆಗೇ ತಾರಸಿಗೆ ಒಯ್ದರೆ ಎಲೆ ಸುಡದೇ ಇರುತ್ತದೆಯೇ? ಗಾಬರಿಯಾಗಬೇಡಿ. ಬುಡದ ಗಡ್ಡೆ ಬೆಳ್ಳಗೆ, ಗಟ್ಟಿಯಾಗಿದ್ದರೆ ಹೊಸ ಎಲೆ ಬರುತ್ತದೆ. ಪೂರ್ವದ ಜಗಲಿಯಲ್ಲಿ ಬೆಳಗಿನ ಒಂದು ಗಂಟೆ ಬಿಸಿಲಿನಿಂದ ಶುರುಮಾಡಿ, ಎರಡು ಮೂರು ವಾರಗಳಲ್ಲಿ ನಾಲ್ಕೈದು ಗಂಟೆಗೆ ಏರಿಸಿ. ಮಧ್ಯಾಹ್ನದ ಬಿಸಿಲು ಜೂನ್ ಮೋಡ ಕವಿಯುವವರೆಗೆ ಬೇಡ.

ನನಗೆ ಬಿಸಿಲಿಗಿಂತ ನಿಮ್ಮ ನಲ್ಲಿ ನೀರಿನದೇ ಚಿಂತೆ. ಅಮೆರಿಕದ ಕ್ಯಾರೊಲಿನಾಗಳ ಸತ್ವವಿಲ್ಲದ ಜೌಗು ನೆಲದ ಈ ಗಿಡಕ್ಕೆ ಆ ನೀರಿನ ಲವಣ ಆಗದು. ಮಳೆನೀರನ್ನೋ ಡಿಸ್ಟಿಲ್ಡ್ ವಾಟರನ್ನೋ ಕುಂಡದಡಿಯ ತಟ್ಟೆಯಲ್ಲಿ 1–2 ಸೆಂ.ಮೀ. ನಿಲ್ಲಿಸಿ. ಬೇರು ಒದ್ದೆಯಿದ್ದರೆ ಒಣಗಾಳಿಯನ್ನು ತಾಳಿಕೊಳ್ಳುತ್ತದೆ. ಹಾಗಾಗಿ ತೇವಕ್ಕೆಂದು ಗಾಜಿನ ಜಾಡಿ ಮುಚ್ಚಬೇಡಿ, ಬಿಸಿಲಲ್ಲಿ ಗಿಡ ಬೆಂದೇಹೋಗುತ್ತದೆ. ಮನೆಯ ಹಿರಿಯರು ಅಕ್ಕರೆಯಿಂದ ಹಾಕುವ ಸಗಣಿ ಗೊಬ್ಬರವನ್ನೂ ದಯವಿಟ್ಟು ತಡೆಯಿರಿ. ಡಿಸೆಂಬರ್‌ನಲ್ಲಿ ಬೆಳವಣಿಗೆ ನಿಧಾನವಾದರೆ ಅದು ವಿಶ್ರಾಂತಿ. ಆಗ ಒಳಗೆ ತರಬೇಡಿ.