ಹೆಸರು ಹೊತ್ತು ಓಡುವವರಿಗೆ

“ಸಾರ್, ಅಪ್ಪನ ಹೆಸರಲ್ಲಿ ಒಂದು ಮ್ಯಾರಥಾನ್ ಓಡಬೇಕು ಅಂತಿದ್ದೀನಿ. ಕ್ಯಾನ್ಸರ್ ರೋಗಿಗಳಿಗೆ ದುಡ್ಡು ಹೋಗೋ ಹಾಗೆ.” ಓಟ ಕಲಿಯಲು ಬರುವವರಲ್ಲಿ ಹೀಗೆ ಹೇಳುವವರು ಈಚೆಗೆ ಹೆಚ್ಚಾಗಿದ್ದಾರೆ. ಅವರ ಮುಂದಿನ ಪ್ರಶ್ನೆ ಯಾವಾಗಲೂ ಬೂಟಿನದು: ಯಾವ ಕಂಪನಿಯದು, ಎಷ್ಟು ಬೆಲೆಯದು. ಬೂಟು ಆಮೇಲೆ ನೋಡೋಣ, ಮೊದಲು ದುಡ್ಡಿನ ದಾರಿ ತಿಳಿದುಕೊಳ್ಳಿ ಎಂದರೆ ಮುಖ ಸಣ್ಣಗಾಗುತ್ತದೆ. ಓಡಲು ಬಂದವರಿಗೆ ಲೆಕ್ಕದ ಪಾಠ ಯಾರಿಗೆ ಬೇಕು? ಆದರೆ ಆ ಪಾಠವಿಲ್ಲದೆ ಈ ಕೆಲಸ ಆಗುವುದಿಲ್ಲ.

ಒಂದು ತಪ್ಪು ತಿಳಿವಳಿಕೆ ಬಹಳ ಜನರಲ್ಲಿದೆ. ಶುಲ್ಕ ಕಟ್ಟಿ, ಎದೆಗೆ ನಂಬರಿನ ಚೀಟಿ, ಅಂದರೆ ಬಿಬ್ ಅಂಟಿಸಿಕೊಂಡು 42.195 ಕಿ.ಮೀ. ಓಡಿ ಬಂದರೆ ಎಲ್ಲೋ ಒಂದು ಆಸ್ಪತ್ರೆಗೆ ತಾನಾಗಿಯೇ ದುಡ್ಡು ಸೇರುತ್ತದೆ ಎಂದುಕೊಂಡಿರುತ್ತಾರೆ. ಸೇರುವುದಿಲ್ಲ. ನೋಂದಣಿ ಶುಲ್ಕ ಮುಖ್ಯವಾಗಿ ಓಟ ನಡೆಸುವ ಖರ್ಚಿನ ಬಾಬ್ತು: ರಸ್ತೆ ಬಂದೋಬಸ್ತು, ನೀರಿನ ಮೇಜು, ಟೈಮಿಂಗ್ ಚಿಪ್, ಆಂಬುಲೆನ್ಸ್, ಪದಕ. ನಿಮ್ಮ ಓಟವನ್ನು ನೆಪ ಮಾಡಿಕೊಂಡು ಬಂಧುಬಳಗದ ಹತ್ತಿರ ನೀವು ಬಾಯಿಬಿಟ್ಟು ಕೇಳಿ ಕೂಡಿಸಿದ್ದು ಮಾತ್ರ ದಾನ. ಓಡಿದ್ದರಿಂದ ದಾನವಾಗುವುದಿಲ್ಲ, ಕೇಳಿದ್ದರಿಂದ ಆಗುತ್ತದೆ.

ಸತ್ತವರ ಹೆಸರಿನಲ್ಲಿ ಇನ್ನೊಬ್ಬರಿಗೆ ಉಪಕಾರ ಮಾಡುವುದನ್ನು ಕನ್ನಡಿಗರಿಗೆ ಹೇಳಿಕೊಡಬೇಕಿಲ್ಲ. ಅಪ್ಪನ ಹೆಸರಿನಲ್ಲಿ ಶಾಲೆಯಲ್ಲೊಂದು ದತ್ತಿ ಬಹುಮಾನ, ಅಮ್ಮನ ಹೆಸರಿನಲ್ಲಿ ಸಾಹಿತ್ಯ ಪರಿಷತ್ತಿನಲ್ಲೊಂದು ದತ್ತಿ ಉಪನ್ಯಾಸ, ವರ್ಷದ ತಿಥಿಗೆ ಅನ್ನದಾನ, ಇವೆಲ್ಲ ನಮ್ಮಲ್ಲಿ ಇದ್ದದ್ದೇ. ವ್ಯತ್ಯಾಸ ಒಂದೇ. ದತ್ತಿಯಲ್ಲಿ ಹಣ ನಿಮ್ಮದು. ಓಟದಲ್ಲಿ ಬೆವರು ನಿಮ್ಮದು, ಹಣ ಊರಿನದು. ಹಾಗಾಗಿ ಊರಿಗೆ ನೀವು ಲೆಕ್ಕ ಕೊಡಬೇಕಾಗುತ್ತದೆ.

ಈ ಪದ್ಧತಿ ಬೆಳೆದ ಬಗೆ ತಿಳಿದರೆ ಮುಂದಿನದು ಸುಲಭ. ಕೆನಡಾದ ಟೆರಿ ಫಾಕ್ಸ್ ಎಂಬ ಹುಡುಗನಿಗೆ 1977ರಲ್ಲಿ, ಇನ್ನೂ ಹದಿನೆಂಟರ ವಯಸ್ಸಿನಲ್ಲಿ, ಮೂಳೆಯ ಕ್ಯಾನ್ಸರ್ ಆಗಿ ಬಲಗಾಲನ್ನು ಮಂಡಿಯ ಮೇಲಕ್ಕೆ ಕತ್ತರಿಸಿದರು. ಆಸ್ಪತ್ರೆಯಲ್ಲಿ ತನ್ನ ಜೊತೆ ನರಳುತ್ತಿದ್ದ ಮಕ್ಕಳು ಅವನ ಮನಸ್ಸಿನಿಂದ ಹೋಗಲಿಲ್ಲ. 1980ರ ಏಪ್ರಿಲ್ 12ರಂದು ಅಟ್ಲಾಂಟಿಕ್ ಕಡಲತಡಿಯ ಸೇಂಟ್ ಜಾನ್ಸ್ ಊರಿನಿಂದ ಕೃತಕ ಕಾಲಿನಲ್ಲಿ ಓಡಲು ಶುರುಮಾಡಿದ, ದೇಶದ ಆ ತುದಿಯಿಂದ ಈ ತುದಿಗೆ, ದಿನಕ್ಕೆ ಹೆಚ್ಚುಕಡಿಮೆ ಒಂದು ಮ್ಯಾರಥಾನಿನಷ್ಟು. ಮೊದಲ ವಾರಗಳಲ್ಲಿ ಕೇಳುವವರೇ ಇರಲಿಲ್ಲ. ಆಮೇಲೆ ಪೋರ್ಟ್ ಓ ಬಾಸ್ಕ್ ಎಂಬ ಸುಮಾರು 10,000 ಜನರ ಊರು 10,000 ಡಾಲರ್ ಕೂಡಿಸಿ ಕೊಟ್ಟಿತು. ತಲೆಗೊಂದು ಡಾಲರ್! ಹಾಗಾದರೆ ಇಡೀ ಕೆನಡಾವನ್ನೇ ತಲೆಗೊಂದು ಡಾಲರ್ ಕೇಳೋಣ ಎಂದುಕೊಂಡ. 143 ದಿನ, 5,373 ಕಿ.ಮೀ. ಓಡಿದ ಮೇಲೆ ಸೆಪ್ಟೆಂಬರ್ 1ರಂದು ಥಂಡರ್ ಬೇ ಹತ್ತಿರ ನಿಲ್ಲಿಸಬೇಕಾಯಿತು. ಕ್ಯಾನ್ಸರ್ ಶ್ವಾಸಕೋಶಕ್ಕೆ ಹಬ್ಬಿತ್ತು. ಮರುವರ್ಷದ ಫೆಬ್ರವರಿ ಹೊತ್ತಿಗೆ 2.41 ಕೋಟಿ ಡಾಲರ್ ಕೂಡಿತ್ತು. ಆಗ ಕೆನಡಾದ ಜನಸಂಖ್ಯೆಯೂ ಹತ್ತಿರ ಹತ್ತಿರ ಅಷ್ಟೇ. ಜೂನ್‌ನಲ್ಲಿ ಟೆರಿ ತೀರಿಕೊಂಡ, ಇಪ್ಪತ್ಮೂರು ತುಂಬುವ ಮೊದಲೇ. ಅವನ ಕಾಲಿನ ಕಥೆ ಎಲ್ಲರಿಗೂ ಗೊತ್ತು. ಮೊತ್ತವನ್ನು ಖಚಿತವಾಗಿ ಕೇಳುವ ಅವನ ಬುದ್ಧಿಯನ್ನು ಯಾರೂ ಹೊಗಳುವುದಿಲ್ಲ. ಹೊಸಬರು ಅವನಿಂದ ಕಲಿಯಬೇಕಾದ್ದು ಅದನ್ನೇ.

1988ರಲ್ಲಿ ಅಮೆರಿಕದ ಬ್ರೂಸ್ ಕ್ಲೆಲ್ಯಾಂಡ್, ರಕ್ತದ ಕ್ಯಾನ್ಸರಿನಿಂದ ಗುಣವಾಗುತ್ತಿದ್ದ ತನ್ನ ಪುಟ್ಟ ಮಗಳು ಜಾರ್ಜಿಯಾಳ ಹೆಸರಿನಲ್ಲಿ 38 ಜನರ ತಂಡ ಕಟ್ಟಿ ನ್ಯೂಯಾರ್ಕ್ ಮ್ಯಾರಥಾನ್ ಓಡಿದರು. 3,22,000 ಡಾಲರ್ ಬಂತು. ಅದೇ ಮುಂದೆ ‘ಟೀಮ್ ಇನ್ ಟ್ರೈನಿಂಗ್’ ಎಂಬ ದೊಡ್ಡ ಕಾರ್ಯಕ್ರಮವಾಯಿತು. ಒಬ್ಬೊಬ್ಬರೇ ಮಾಡುತ್ತಿದ್ದ ಕೆಲಸಕ್ಕೆ ತಂಡ, ತರಬೇತಿ, ಗುರಿಮೊತ್ತ ಎಲ್ಲ ಸೇರಿದ್ದು ಅಲ್ಲಿಂದ. 1981ರಲ್ಲಿ ಶುರುವಾದ ಲಂಡನ್ ಮ್ಯಾರಥಾನ್ ಇದನ್ನು ಇನ್ನೂ ಗಟ್ಟಿ ಮಾಡಿತು: ಸೇವಾಸಂಸ್ಥೆಗಳು ಆಯೋಜಕರಿಂದ ಬಿಬ್‌ಗಳನ್ನು ಕೊಂಡುಕೊಳ್ಳುತ್ತವೆ, ಇಷ್ಟು ಹಣ ಕೂಡಿಸುತ್ತೇನೆಂದು ಒಪ್ಪಿಕೊಂಡವರಿಗೆ ಅವನ್ನು ಕೊಡುತ್ತವೆ. 2024ರ ಒಂದೇ ಓಟದಲ್ಲಿ ಅಲ್ಲಿ ಕೂಡಿದ್ದು 7.35 ಕೋಟಿ ಪೌಂಡ್.

ಲಂಡನ್ನಿನ ಮಾತು ಬಂದಾಗ ಫೌಜಾ ಸಿಂಗ್ ಅವರನ್ನು ಬಿಡುವ ಹಾಗಿಲ್ಲ. ಜಲಂಧರ್ ಬಳಿಯ ಬಿಯಾಸ್ ಹಳ್ಳಿಯ ರೈತ. ಹೆಂಡತಿ 1992ರಲ್ಲಿ ಹೋದರು, ಮಗ ಕುಲದೀಪ 1994ರಲ್ಲಿ ಅಪಘಾತದಲ್ಲಿ ಹೋದ. ಇಂಗ್ಲೆಂಡಿನಲ್ಲಿದ್ದ ಇನ್ನೊಬ್ಬ ಮಗನ ಮನೆ ಸೇರಿದ ಮುದುಕರು ದುಃಖ ತಾಳಲಾರದೆ ನಡೆಯಲು, ಆಮೇಲೆ ಓಡಲು ಹಿಡಿದರು. ಪಾಸ್‌ಪೋರ್ಟಿನ ಪ್ರಕಾರ 89ನೇ ವಯಸ್ಸಿನಲ್ಲಿ, 2000ದಲ್ಲಿ, ಅವರು ಮೊದಲ ಲಂಡನ್ ಮ್ಯಾರಥಾನ್ ಮುಗಿಸಿದರು. ಓಡಿದ್ದು ಅವಧಿಗೆ ಮುನ್ನ ಹುಟ್ಟಿದ ಕೂಸುಗಳಿಗಾಗಿ ದುಡಿಯುವ ‘ಬ್ಲಿಸ್’ ಸಂಸ್ಥೆಗಾಗಿ. ನೆನಪು ಒಬ್ಬರದು, ನೆರವು ಇನ್ನೊಬ್ಬರಿಗೆ. ಎರಡಕ್ಕೂ ನೇರ ಸಂಬಂಧ ಇರಲೇಬೇಕೆಂಬ ನಿಯಮವೇನಿಲ್ಲ. ಹೃದಯಾಘಾತದಿಂದ ಹೋದ ಅಣ್ಣ ಪುಸ್ತಕಪ್ರೇಮಿಯಾಗಿದ್ದರೆ ಹಳ್ಳಿ ಗ್ರಂಥಾಲಯಕ್ಕೆ ಓಡಿ, ಯಾರು ಬೇಡವೆಂದಾರು?

ನಮ್ಮಲ್ಲಿ ಇದರ ದೊಡ್ಡ ವೇದಿಕೆ ಮುಂಬೈ ಮ್ಯಾರಥಾನ್. 2004ರಲ್ಲಿ ಶುರುವಾಯಿತು, ಜನವರಿಯಲ್ಲಿ ನಡೆಯುತ್ತದೆ, ದಾನದ ಲೆಕ್ಕವನ್ನು ಯುನೈಟೆಡ್ ವೇ ಮುಂಬೈ ಎಂಬ ಸಂಸ್ಥೆ ನೋಡಿಕೊಳ್ಳುತ್ತದೆ. ಬೆಂಗಳೂರಿನಲ್ಲಿ 2008ರಿಂದ ವರ್ಲ್ಡ್ ಟೆನ್ ಕೆ ಇದೆ. ಅದು ಹತ್ತೇ ಕಿಲೋಮೀಟರು, ಜೊತೆಗೆ ಅರ್ಧದಷ್ಟು ದೂರದ ‘ಮಜ್ಜಾ ರನ್’ ಬೇರೆ. ಹೊಸಬರಿಗೆ ನನ್ನ ಸಲಹೆ ಇದೇ: ಮೊದಲ ವರ್ಷ ಹತ್ತು ಓಡಿ ದುಡ್ಡು ಕೂಡಿಸಿ. ದೂರ ಕಡಿಮೆಯಾಯಿತೆಂದು ಯಾವ ದಾನಿಯೂ ರಿಯಾಯಿತಿ ಕೇಳುವುದಿಲ್ಲ.

ಇನ್ನು ಸಂಸ್ಥೆ ಆರಿಸುವುದು. ಓಟದ ಪಟ್ಟಿಯಲ್ಲಿ ಇರುವುದನ್ನೇ ಆರಿಸಿಕೊಳ್ಳಬಹುದು. ಇಲ್ಲವೇ ಸಾಮಾನ್ಯ ಬಿಬ್ ತೆಗೆದುಕೊಂಡು ನಿಮಗೆ ಗೊತ್ತಿರುವ ಸಂಸ್ಥೆಗೆ ನೀವೇ ಕೂಡಿಸಿ ಕೊಡಬಹುದು. ಬೆಂಗಳೂರಿನ ಕರುಣಾಶ್ರಯದಂಥ, ಕೊನೆಯ ಹಂತದ ಕ್ಯಾನ್ಸರ್ ರೋಗಿಗಳನ್ನು ಒಂದು ಪೈಸೆ ತೆಗೆದುಕೊಳ್ಳದೆ ನೋಡಿಕೊಳ್ಳುವ ಸಂಸ್ಥೆಗಳು ನಡೆಯುವುದೇ ಇಂಥ ಹಣದಿಂದ. ಯಾವುದೇ ಇರಲಿ, ಫೋನ್ ಮಾಡಿ, ಸಾಧ್ಯವಾದರೆ ಹೋಗಿ ನೋಡಿಬನ್ನಿ. 80ಜಿ ಎಂದು ಜನರ ಬಾಯಲ್ಲಿರುವ ತೆರಿಗೆ ವಿನಾಯಿತಿಯ ರಸೀದಿ ಕೊಡುತ್ತಾರಾ ಕೇಳಿ. ಹಳೆಯ ತೆರಿಗೆ ಪದ್ಧತಿಯಲ್ಲಿ ಉಳಿದವರಿಗೆ ಮಾತ್ರ ಅದರ ಪ್ರಯೋಜನ, ಅದೂ 2,000 ರೂಪಾಯಿಗಿಂತ ಹೆಚ್ಚು ನಗದಾಗಿ ಕೊಟ್ಟರೆ ಸಿಗದು. ಹೊರದೇಶದ ನೆಂಟರ ವಿಷಯದಲ್ಲಿ ಇನ್ನೊಂದು ಸೂಕ್ಷ್ಮವಿದೆ. ಅಮೆರಿಕದಲ್ಲಿರುವ ಭಾವ ಇನ್ನೂ ಭಾರತದ ಪಾಸ್‌ಪೋರ್ಟ್ ಇಟ್ಟುಕೊಂಡಿದ್ದರೆ ಬ್ಯಾಂಕಿನ ಮೂಲಕ ಕೊಡಲು ಅಡ್ಡಿಯಿಲ್ಲ. ಅಲ್ಲಿಯ ಪೌರತ್ವ ಪಡೆದಿದ್ದರೆ, ಓಸಿಐ ಕಾರ್ಡ್ ಇದ್ದರೂ ಸರಿಯೇ, ಅದು ವಿದೇಶಿ ದೇಣಿಗೆ. ಎಫ್‌ಸಿಆರ್‌ಎ ಎಂಬ ವಿದೇಶಿ ದೇಣಿಗೆ ಕಾಯ್ದೆಯಡಿ ಅನುಮತಿ ಇಲ್ಲದ ಸಂಸ್ಥೆ ಅದನ್ನು ಮುಟ್ಟುವಂತಿಲ್ಲ.

ಎಲ್ಲಕ್ಕಿಂತ ಮುಖ್ಯ: ದುಡ್ಡು ನಿಮ್ಮ ಯುಪಿಐಗೆ ಬರಬಾರದು. “ನೀನೇ ಕಟ್ಟಿಬಿಡಪ್ಪ” ಎಂದು ಸೋದರಮಾವ ಎಷ್ಟು ಹೇಳಿದರೂ ಸಂಸ್ಥೆಯ ಖಾತೆಯ ವಿವರವನ್ನೇ ಕೊಡಿ. ನಂಬಿಕೆಯ ಪ್ರಶ್ನೆ ಅಲ್ಲ, ರಸೀದಿಯ ಪ್ರಶ್ನೆ.

ಈಗ ಕೇಳುವ ಕೆಲಸ. ಇಪ್ಪತ್ತು ಕಿಲೋಮೀಟರು ಓಡಿದವರೂ ಇಲ್ಲಿ ಹಿಂಜರಿಯುತ್ತಾರೆ. ‘ಒಂದು ಒಳ್ಳೆಯ ಉದ್ದೇಶಕ್ಕಾಗಿ ಓಡುತ್ತಿದ್ದೇನೆ, ನಿಮ್ಮ ಬೆಂಬಲವಿರಲಿ’ ಎಂದು ವಾಟ್ಸ್‌ಆ್ಯಪ್ ಗುಂಪಿಗೆ ಹಾಕಿ ಕೂರುತ್ತಾರೆ. ಕೈಮುಗಿಯುವ ಚಿತ್ರಗಳು ಸಾಲಾಗಿ ಬರುತ್ತವೆ, ದುಡ್ಡು ಬರುವುದಿಲ್ಲ. ಗುಂಪಿನಲ್ಲಿ ಎಲ್ಲರನ್ನೂ ಕೇಳಿದರೆ ಯಾರನ್ನೂ ಕೇಳಿದಂತಲ್ಲ. ಒಬ್ಬೊಬ್ಬರಿಗೇ ಬರೆಯಿರಿ, ಹೀಗೆ:

“ಚಿಕ್ಕಪ್ಪ, ನಮಸ್ಕಾರ. ಅಮ್ಮ ಕೊನೆಗೆ ಹಾಸಿಗೆ ಹಿಡಿದಾಗ ಅವಳ ನೋವು ತಗ್ಗಿಸಿದ್ದು ಮನೆಗೆ ಬಂದು ಹೋಗುತ್ತಿದ್ದ ನರ್ಸಮ್ಮ, ನಿಮಗೂ ನೆನಪಿರಬೇಕು. ಅಂಥ ನರ್ಸ್‌ಗಳನ್ನು ಕಳಿಸುವ ಸಂಸ್ಥೆಗಾಗಿ ಈ ಜನವರಿಯಲ್ಲಿ ಮುಂಬೈಯಲ್ಲಿ ಓಡುತ್ತಿದ್ದೇನೆ. ಒಬ್ಬ ರೋಗಿಯ ಮನೆಗೆ ಒಂದು ಸಲ ಹೋಗಿಬರುವ ಖರ್ಚು ಇಷ್ಟು. ಎರಡು ಭೇಟಿಯ ಖರ್ಚು ನೀವು ಕೊಡಬಹುದಾ? ಹಣ ನನಗೆ ಬೇಡ, ನೇರ ಅವರ ಖಾತೆಗೆ ಹೋಗಲಿ. ವಿವರ ಕೆಳಗಿದೆ.”

ಯಾರ ನೆನಪು, ಯಾವ ಕೆಲಸ, ಎಷ್ಟು ಮೊತ್ತ, ಎಲ್ಲಿಗೆ ಹೋಗುತ್ತದೆ ಎಂಬುದೆಲ್ಲ ಇದರಲ್ಲಿದೆ. ‘ಇಷ್ಟು’ ಎನ್ನುವಲ್ಲಿ ಸಂಸ್ಥೆಯವರು ಹೇಳಿದ ನಿಜವಾದ ಅಂಕಿ ಹಾಕಿ. ಮೊದಲ ಮೊತ್ತ ನಿಮ್ಮದೇ ಇರಲಿ. ಇನ್ನೂ ಯಾರೂ ಕೊಡದಿರುವಲ್ಲಿ ಕೊಡಲು ಎಲ್ಲರೂ ಹಿಂಜರಿಯುತ್ತಾರೆ. ಉತ್ತರ ಬಾರದವರಿಗೆ ಎರಡು ವಾರ ಬಿಟ್ಟು ಒಮ್ಮೆ ನೆನಪಿಸಿ. ಅದಕ್ಕೂ ಸುಮ್ಮನಿದ್ದರೆ ಬಿಟ್ಟುಬಿಡಿ, ಮದುವೆಮನೆಯಲ್ಲಿ ಸಿಕ್ಕಾಗ ಮುಖ ತಿರುಗಿಸಬೇಡಿ.

ಓಟದ ತರಬೇತಿಯನ್ನು ಇಲ್ಲಿ ಪೂರ್ತಿ ಹೇಳಲಾಗದು, ಅಸ್ತಿಭಾರವಷ್ಟೇ ಹೇಳುತ್ತೇನೆ. ಹತ್ತು ಕಿಲೋಮೀಟರು ಸಲೀಸಾಗಿ ಓಡಬಲ್ಲವರಿಗೆ ಫುಲ್ ಮ್ಯಾರಥಾನಿಗೆ 16ರಿಂದ 20 ವಾರ ಬೇಕು. ಏನೂ ಓಡದವರು ಒಂದು ವರ್ಷ ಇಟ್ಟುಕೊಳ್ಳಿ. ಬಿಪಿ, ಸಕ್ಕರೆ ಕಾಯಿಲೆ ಇದ್ದವರು, ನಲವತ್ತು ದಾಟಿದವರು ಮೊದಲು ವೈದ್ಯರಿಗೆ ತೋರಿಸಿ. ವಾರದ ದಿನಗಳಲ್ಲಿ ಪಕ್ಕದವರ ಜೊತೆ ಮಾತಾಡುತ್ತಾ ಓಡಬಹುದಾದಷ್ಟು ನಿಧಾನ. ಭಾನುವಾರ ಲಾಂಗ್ ರನ್, ವಾರವಾರ ಸ್ವಲ್ಪಸ್ವಲ್ಪ ಏರಿಸುತ್ತಾ 30–32 ಕಿ.ಮೀ.ವರೆಗೆ. ಓಟಕ್ಕೆ ಮುಂಚಿನ ಎರಡು ಮೂರು ವಾರ ದೂರ ತಗ್ಗಿಸಬೇಕು, ಇದಕ್ಕೆ ಟೇಪರ್ ಎನ್ನುತ್ತಾರೆ. ಸ್ನಾಯು ಮತ್ತು ಯಕೃತ್ತಿನಲ್ಲಿ ಕೂಡಿಟ್ಟ ಸಕ್ಕರೆಯಂಶ ಸುಮಾರು ಮೂವತ್ತನೇ ಕಿಲೋಮೀಟರಿಗೆ ಬರಿದಾಗುತ್ತ ಬರುತ್ತದೆ. ಆಗ ಕಾಲು ಸೀಸವಾಗುತ್ತದೆ, ತಲೆ ಕೆಲಸ ಮಾಡುವುದಿಲ್ಲ. ಅದಕ್ಕೇ ದಾರಿಯುದ್ದಕ್ಕೂ ಸ್ವಲ್ಪ ಸ್ವಲ್ಪ ತಿನ್ನಬೇಕು, ಬಾಳೆಹಣ್ಣೋ ಖರ್ಜೂರವೋ ಜೆಲ್ಲೋ, ಲಾಂಗ್ ರನ್ನಿನಲ್ಲಿ ತಿಂದು ಹೊಟ್ಟೆ ಒಪ್ಪಿದ್ದನ್ನು ಮಾತ್ರ. ನೀರನ್ನು ಬಾಯಾರಿದಷ್ಟೇ ಕುಡಿಯಿರಿ. 2002ರ ಬಾಸ್ಟನ್ ಮ್ಯಾರಥಾನ್ ಮುಗಿಸಿದ 488 ಜನರ ರಕ್ತ ಪರೀಕ್ಷಿಸಿದಾಗ ಶೇಕಡಾ 13 ಜನರಲ್ಲಿ ಸೋಡಿಯಂ ಇರಬೇಕಾದ್ದಕ್ಕಿಂತ ಕಡಿಮೆಯಿತ್ತು. ಮುಖ್ಯ ಕಾರಣ ಅತಿಯಾಗಿ ಕುಡಿದದ್ದು. ಇದು ಜೀವಕ್ಕೂ ಅಪಾಯ ತರಬಲ್ಲದು.

ಟೀ ಶರ್ಟಿನ ಮೇಲೆ ಅಮ್ಮನ ಫೋಟೋ ಹಾಕಿಸುವವರಿದ್ದಾರೆ. ಹಾಕಿಸಿ, ಆದರೆ ಕಾಟನ್ ಬೇಡ. ಬೆವರಿಗೆ ತೊಯ್ದ ಕಾಟನ್ ಉಜ್ಜಿ ಉಜ್ಜಿ ಎದೆಯಲ್ಲಿ ರಕ್ತ ಬರಿಸುತ್ತದೆ. ಅಗಲವಾದ ಪ್ಲಾಸ್ಟಿಕ್ ಮುದ್ರಣವಿದ್ದರೆ ಗಾಳಿಯೂ ಆಡುವುದಿಲ್ಲ. ಓಟದ ಬಟ್ಟೆಯ ಬೆನ್ನ ಮೇಲೆ ಚಿಕ್ಕದಾಗಿ ಹಾಕಿಸಿ, ಒಂದು ಲಾಂಗ್ ರನ್ನಿಗೆ ತೊಟ್ಟು ನೋಡಿ, ಉಜ್ಜುವ ಜಾಗಕ್ಕೆ ವ್ಯಾಸಲೀನ್ ಹಚ್ಚಿ. ಹೆಸರನ್ನು ಎದೆಯ ಮೇಲೆ ಬರೆಸುವ ಮೊದಲು ಇನ್ನೊಂದು ತಿಳಿದಿರಲಿ: ರಸ್ತೆ ಬದಿಯಲ್ಲಿ ಚಪ್ಪಾಳೆ ತಟ್ಟುವವರು ಎದೆಯ ಮೇಲಿನ ಹೆಸರನ್ನೇ ಕೂಗಿ ಹುರಿದುಂಬಿಸುತ್ತಾರೆ. ದಾರಿಯ ಯಾವುದೋ ಏರಿನಲ್ಲಿ, ಉಸಿರು ಮೇಲೆ ಕೆಳಗೆ ಆಗುತ್ತಿರುವಾಗ, ಗುರುತಿಲ್ಲದ ಯಾರೋ ನಿಮ್ಮ ಅಮ್ಮನ ಹೆಸರನ್ನು ಗಟ್ಟಿಯಾಗಿ ಕೂಗಿದರೆ ಏನಾಗುತ್ತದೆಂದು ನೀವೇ ಊಹಿಸಿ. ಕೆಲವರಿಗೆ ಅದು ಬಲ, ಕೆಲವರಿಗೆ ಅಳು ನುಗ್ಗಿ ಓಟವೇ ಕೆಡುತ್ತದೆ. ಹೋದವರು ನಿಮ್ಮೊಬ್ಬರಿಗೇ ಸೇರಿದವರೂ ಅಲ್ಲ. ಅಪ್ಪನನ್ನು, ತಂಗಿಯನ್ನು ಕೇಳಿಕೊಂಡೇ ಫೋಟೋ ಹಾಕಿಸಿ, ಕಾಯಿಲೆಯ ಹೆಸರು ಬರೆಯಿರಿ. ಬದುಕಿರುವ ರೋಗಿಗಾಗಿ ಓಡುವುದಾದರೆ ಅವರ ಒಪ್ಪಿಗೆಯಿಲ್ಲದೆ ಒಂದಕ್ಷರವೂ ಬೇಡ.

ಓಟ ಮುಗಿದ ವಾರದೊಳಗೆ ಲೆಕ್ಕ ಕಳಿಸಿ: ಒಟ್ಟು ಎಷ್ಟು ಕೂಡಿತು, ಸಂಸ್ಥೆಗೆ ಎಂದು ತಲುಪಿತು, ರಸೀದಿ ಯಾವಾಗ ಬರುತ್ತದೆ. ನಡುವೆ ಕಾಲು ಹಿಡಿದು ನೀವು ಓಟ ಬಿಟ್ಟಿದ್ದರೆ ಅದನ್ನೂ ಬರೆಯಿರಿ. ಕೊಟ್ಟ ಹಣ ಅದರಿಂದ ಕಡಿಮೆಯಾಗುವುದಿಲ್ಲ. ನೂರು ರೂಪಾಯಿ ಕೊಟ್ಟವರಿಗೂ ಹತ್ತು ಸಾವಿರ ಕೊಟ್ಟವರಿಗೂ ಅದೇ ಪತ್ರ ಹೋಗಲಿ. ಈ ಭಾನುವಾರ ಓಡಲು ಬರುವ ಮೊದಲು ಸಂಸ್ಥೆಯೊಂದಕ್ಕೆ ಫೋನ್ ಮಾಡಿ ಬನ್ನಿ. ಬೂಟಿನ ಅಂಗಡಿಯ ವಿಳಾಸ ಆಮೇಲೆ ಕೊಡುತ್ತೇನೆ.